ಕಾಲು ಹೋಯ್ತು ಅಂತ ಕೆಲಸ ಬಿಡಬೇಕಾ?

ಪ್ರಶ್ನೆ: ನನಗೆ 54 ವರ್ಷ. ಮಂಡ್ಯದ ಸರ್ಕಾರಿ ಕಚೇರಿಯೊಂದರಲ್ಲಿ ಖಾಯಂ ಜೀಪ್ ಚಾಲಕ. ಶುಗರ್ ಜಾಸ್ತಿಯಾಗಿ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ‘ಇನ್ನು ಗಾಡಿ ಓಡಿಸೋಕೆ ಆಗಲ್ಲ, ಸ್ವಯಂ ನಿವೃತ್ತಿ ಬರೆದುಕೊಡಿ’ ಎನ್ನುತ್ತಿದ್ದಾರೆ. ಚಿಕ್ಕ ಮಗಳು ಇನ್ನೂ ಓದುತ್ತಿದ್ದಾಳೆ. ಏನು ಮಾಡಲಿ?

ಉತ್ತರ: ಮೊದಲ ಮಾತು, ದಯವಿಟ್ಟು ಬರೆದುಕೊಡಬೇಡಿ. ನೀವಾಗಿಯೇ ನಿವೃತ್ತಿ ಕೇಳಿದಿರಿ ಎಂದು ಒಮ್ಮೆ ದಾಖಲಾದರೆ ಆಮೇಲೆ ಹೋರಾಡುವುದು ಬಹಳ ಕಷ್ಟ.

ಕಾನೂನು ನಿಮ್ಮ ಕಡೆ ಇದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 20(4)ನೇ ಕಲಂ ಓದಿಸಿಕೊಳ್ಳಿ. ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದರೆ ಸರ್ಕಾರಿ ಸಂಸ್ಥೆ ನೌಕರನನ್ನು ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಹಳೇ ಕೆಲಸ ಆಗದಿದ್ದರೆ ಅದೇ ವೇತನ ಶ್ರೇಣಿಯಲ್ಲಿ ಬೇರೆ ಹುದ್ದೆ ಕೊಡಬೇಕು. ಖಾಲಿ ಹುದ್ದೆಯೇ ಇಲ್ಲ ಎಂದರೆ, ಸಿಗುವವರೆಗೆ ಅಥವಾ ನಿವೃತ್ತಿಯ ವಯಸ್ಸಿನವರೆಗೆ ಸೂಪರ್‌ನ್ಯೂಮರರಿ ಹುದ್ದೆಯಲ್ಲಿ, ಅಂದರೆ ಮಂಜೂರಾದ ಸಂಖ್ಯೆಗಿಂತ ಹೆಚ್ಚುವರಿಯಾಗಿ ಸೃಷ್ಟಿಸಿದ ಹುದ್ದೆಯಲ್ಲಿ, ಇಟ್ಟುಕೊಳ್ಳಬೇಕು. ನಿಮಗೆ 60 ತುಂಬಲು ಇನ್ನೂ ಆರು ವರ್ಷದ ಸಂಬಳವಿದೆ. ಅದನ್ನು ಸುಮ್ನೆ ಬಿಟ್ಟುಕೊಡೋದು ಯಾಕೆ?

‘ಇದು ಡ್ಯೂಟಿಯಲ್ಲಿ ಆದ ಅಪಘಾತ ಅಲ್ವಲ್ಲ’ ಎಂದು ತಕರಾರು ಬರಬಹುದು. ಕಾಲು ಹೇಗೆ ಹೋಯಿತು ಎಂದು ಈ ಕಲಂ ಕೇಳುವುದೇ ಇಲ್ಲ. ‘ಪಿಂಚಣಿ ಬರುತ್ತಲ್ಲ’ ಎಂಬ ಸಮಾಧಾನಕ್ಕೂ ಒಪ್ಪಬೇಡಿ. ಕಾಲು ಕಳೆದುಕೊಂಡ ಕಾನ್‌ಸ್ಟೆಬಲ್ ಕುನಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2003ರಲ್ಲೇ ಇದನ್ನು ಇತ್ಯರ್ಥ ಮಾಡಿದೆ. ಆಗ ಜಾರಿಯಲ್ಲಿದ್ದದ್ದು 1995ರ ಹಳೇ ಅಂಗವಿಕಲರ ಕಾಯ್ದೆ. ಅಶಕ್ತತೆಯ ಪಿಂಚಣಿ ಕೊಟ್ಟ ಮಾತ್ರಕ್ಕೆ ನೌಕರಿಯ ರಕ್ಷಣೆ ಹೋಗುವುದಿಲ್ಲ ಎಂದಿತು.

ಈಗ ಅರ್ಜಿ. ಯುಡಿಐಡಿ ಕಾರ್ಡ್‌ಗೆ (ಅಂಗವಿಕಲರ ಗುರುತಿನ ಚೀಟಿ) ಹಾಕಿ, ಮಂಡ್ಯದ ಸರ್ಕಾರಿ ಮಿಮ್ಸ್ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿ. ಜೊತೆಜೊತೆಗೇ ಕಚೇರಿಗೆ ಒಂದು ಪುಟದ ಪತ್ರ ಕೊಡಿ: ‘20(4)ನೇ ಕಲಂ ಪ್ರಕಾರ ನನ್ನನ್ನು ಸಮಾನ ವೇತನದ ಬೇರೆ ಹುದ್ದೆಗೆ ಬದಲಿಸಿ.’ ಟಪಾಲು ವಿಭಾಗದಲ್ಲಿ ಎರಡನೇ ಪ್ರತಿಯ ಮೇಲೆ ಮೊಹರು, ತಾರೀಖು ಹಾಕಿಸಿಕೊಳ್ಳದೆ ಬರಬೇಡಿ. ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ನಾಳೆ ಸಾಕ್ಷಿ ಇರುವುದಿಲ್ಲ. ಉತ್ತರ ಬಾರದಿದ್ದರೆ ನಿಮ್ಮ ಇಲಾಖೆಯ ಕುಂದುಕೊರತೆ ಅಧಿಕಾರಿಗೆ ದೂರು ಕೊಡಿ. ಎರಡು ವಾರದಲ್ಲಿ ವಿಚಾರಣೆ ಆಗಬೇಕು. ಅಲ್ಲೂ ಆಗದಿದ್ದರೆ ಬೆಂಗಳೂರಿನಲ್ಲಿ ಅಂಗವಿಕಲರ ರಾಜ್ಯ ಆಯುಕ್ತರಿದ್ದಾರೆ, ಅವರಿಗೆ ಸಿವಿಲ್ ಕೋರ್ಟಿನ ಅಧಿಕಾರವಿದೆ.

ಖಾಸಗಿ ಕಾರ್ಖಾನೆಯವರಿಗೆ ಇಷ್ಟು ಗಟ್ಟಿ ರಕ್ಷಣೆ ಇಲ್ಲ, ಇದು ನನಗೆ ನಿಜಕ್ಕೂ ಬೇಸರದ ವಿಷಯ. ಆದರೂ 20 ಅಥವಾ ಹೆಚ್ಚು ನೌಕರರಿರುವ ಕಡೆ ಸಮಾನ ಅವಕಾಶ ನೀತಿ ಪ್ರಕಟಿಸಲೇಬೇಕು. ಅದರ ಪ್ರತಿ ಕೇಳಿ. ಕಾರ್ಮಿಕರ ಆರೋಗ್ಯ ವಿಮೆಯಾದ ಇಎಸ್‌ಐಗೆ ಸೇರಲು ಇರುವ ತಿಂಗಳ ವೇತನ ಮಿತಿಯೂ ಅಂಗವಿಕಲರಿಗೆ 21,000 ಅಲ್ಲ, 25,000 ರೂಪಾಯಿ.