ಎದ್ದು ನಿಂತ ಕೂಡಲೇ ಕಣ್ಣು ಕತ್ತಲೆ ಬರುತ್ತಿದೆ, ಡಾಕ್ಟರ ಹತ್ತಿರ ಹೋಗಬೇಕಾ?

ನೀವು ಬರೆದಿರುವುದನ್ನು ಎರಡು ಸಲ ಓದಿದೆ. ವಯಸ್ಸು 36, ಎರಡು ವಾರದಿಂದ ಆಗಾಗ ಇದ್ದಕ್ಕಿದ್ದಂತೆ ತಲೆ ಹಗುರಾಗಿ ಕಣ್ಣಿಗೆ ಕತ್ತಲೆ ಕವಿಯುತ್ತದೆ, ಹೆಚ್ಚಾಗಿ ಕೂತಲ್ಲಿಂದ ಎದ್ದಾಗ. ಬಿದ್ದಿಲ್ಲ, ಎಚ್ಚರ ತಪ್ಪಿಲ್ಲ. ಬಿಪಿ ನೋಡಿಸಿದರೆ ನಾರ್ಮಲ್. ಒಬ್ಬರು ಲೋ ಬಿಪಿ ಅಂತಾರೆ, ಇನ್ನೊಬ್ಬರು ನಿಶ್ಶಕ್ತಿ ಅಂತಾರೆ, ನಿಮಗೆ ಮಾತ್ರ ಮೆದುಳಲ್ಲೇ ಏನೋ ಆಗಿದೆ ಅನ್ನುವ ಭಯ. ತಲೆ ಸ್ಕ್ಯಾನ್ ಮಾಡಿಸಲಾ, ಗಾಡಿ ಓಡಿಸಬಹುದಾ ಅಂತ ಕೇಳಿದ್ದೀರಿ.

ನಾನು ಡಾಕ್ಟರ್ ಅಲ್ಲ, ನರ್ಸ್. ತುರ್ತು ಚಿಕಿತ್ಸಾ ವಿಭಾಗದಲ್ಲಿ ಬಹಳ ಕಾಲ ಕೆಲಸ ಮಾಡಿದ್ದೇನೆ. ಇಲ್ಲಿಂದಲೇ ನಿಮ್ಮ ಕಾಯಿಲೆ ಇಂಥದ್ದು ಅಂತ ಹೇಳಲು ಆಗುವುದಿಲ್ಲ. ಆದರೆ ಈ ತೊಂದರೆ ಹೇಳಿಕೊಂಡು ಬಂದವರನ್ನು ನಾವು ಮೊದಲು ಏನು ಕೇಳುತ್ತೇವೆ ಅಂತ ಹೇಳಬಲ್ಲೆ. "ಆಗ ಏನು ಮಾಡ್ತಾ ಇದ್ರಿ? ಜೊತೆಗೆ ಬೇರೇನಾದ್ರೂ ಆಯ್ತಾ?" ಇಷ್ಟೇ. ಎದ್ದು ನಿಂತಾಗ ಬಂತಾ, ಹಾಸಿಗೆಯಲ್ಲಿ ಹೊರಳಿದಾಗ ಬಂತಾ, ಓಡುವಾಗ ಬಂತಾ, ಸುಮ್ನೆ ಮಲಗಿದ್ದಾಗ ಬಂತಾ, ಇವು ನಾಲ್ಕೂ ಬೇರೆ ಬೇರೆ ಕಥೆಗಳು. ಎಷ್ಟೋ ಜನ ಇದನ್ನು ಹೇಳುವುದು ಬಿಟ್ಟು ನೇರವಾಗಿ "ಲೋ ಬಿಪಿ" ಅಂತ ಕಾಯಿಲೆಯ ಹೆಸರು ಹೇಳಿಬಿಡುತ್ತಾರೆ. ನೀವು ಎದ್ದಾಗ ಅಂತ ಬರೆದಿದ್ದೀರಲ್ಲ, ಅದೇ ಇಲ್ಲಿ ಮುಖ್ಯವಾದ ಸುಳಿವು.

ನಾವು ಎದ್ದು ನಿಂತ ಕೂಡಲೇ ಅರ್ಧ ಲೀಟರಿಗೂ ಜಾಸ್ತಿ ರಕ್ತ ಹೊಟ್ಟೆ ಮತ್ತು ಕಾಲಿನ ಕಡೆ ಇಳಿಯುತ್ತದೆ. ಇದು ಎಲ್ಲರಲ್ಲೂ ಆಗುವಂಥದ್ದೇ. ಕತ್ತಿನ ರಕ್ತನಾಳದಲ್ಲಿ ಒತ್ತಡ ಗಮನಿಸುವ ನರಗಳಿವೆ. ಅವು ಒತ್ತಡ ಇಳಿದದ್ದನ್ನು ಹಿಡಿದು ಸುದ್ದಿ ಮುಟ್ಟಿಸುತ್ತವೆ, ಹೃದಯ ಸ್ವಲ್ಪ ಜೋರಾಗಿ ಬಡಿಯುತ್ತದೆ, ರಕ್ತನಾಳಗಳು ಬಿಗಿಯಾಗುತ್ತವೆ, ಕೆಲವೇ ಸೆಕೆಂಡಿನಲ್ಲಿ ಎಲ್ಲ ಸರಿಹೋಗುತ್ತದೆ. ಈ ಕೆಲಸ ತಡವಾದರೆ, ಅಥವಾ ಮೈಯಲ್ಲಿ ನೀರಿನಂಶವೇ ಕಡಿಮೆ ಇದ್ದರೆ, ಮೆದುಳಿಗೆ ಒಂದು ಗಳಿಗೆ ರಕ್ತ ಸಾಲುವುದಿಲ್ಲ. ಆಗ ನೋಟದ ಅಂಚು ಕಪ್ಪಾಗುತ್ತದೆ, ಸದ್ದು ದೂರದಿಂದ ಬಂದಂತೆ ಕೇಳುತ್ತದೆ, ಕಾಲಲ್ಲಿ ಬಲ ಇರುವುದಿಲ್ಲ.

ಈಗ ನಿಮ್ಮ "ಬಿಪಿ ನಾರ್ಮಲ್" ವಿಷಯ. ಕೂತಿರುವಾಗ ನೋಡಿದ್ದಾರೆ, ಅಲ್ವಾ? ತೊಂದರೆ ಬರುವುದು ನಿಂತಾಗ, ಅಳೆದದ್ದು ಕೂತಾಗ! ಸರಿಯಾದ ಕ್ರಮ ಹೀಗಿದೆ. 5 ನಿಮಿಷ ಅಂಗಾತ ಮಲಗಬೇಕು, ಒಮ್ಮೆ ಬಿಪಿ ನೋಡಬೇಕು. ಆಮೇಲೆ ತೋಳಿನ ಪಟ್ಟಿ ಬಿಚ್ಚದೆ ಎದ್ದು ನಿಲ್ಲಬೇಕು, 1 ನಿಮಿಷಕ್ಕೆ ಒಮ್ಮೆ, 3 ನಿಮಿಷಕ್ಕೆ ಇನ್ನೊಮ್ಮೆ ನೋಡಬೇಕು. ಮೇಲಿನ ಸಂಖ್ಯೆ 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ, ಇಲ್ಲವೇ ಕೆಳಗಿನದು 10 ಇಳಿದರೆ, ಕಾರಣ ಅಲ್ಲೇ ಸಿಕ್ಕಿತು. ಮಲಗಿದಾಗ 124 ಇದ್ದದ್ದು ನಿಂತು ಒಂದು ನಿಮಿಷಕ್ಕೆ 96 ಆಗುತ್ತದೆ, ಅಷ್ಟರಲ್ಲಿ ಆ ಮನುಷ್ಯ ಮಂಚದ ಕಂಬಿ ಹಿಡಿದುಕೊಂಡು "ಹಾಂ, ಈಗ, ಇದೇ ಥರ ಆಗೋದು" ಅನ್ನುತ್ತಾನೆ. ಇಂಥದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಮನೆಯಲ್ಲೇ ಮಿಷನ್ ಇದ್ದರೆ ನೀವೂ ನೋಡಬಹುದು, ಪಕ್ಕದಲ್ಲಿ ಒಬ್ಬರು ಇರಲಿ, ಹಿಂದೆ ಕುರ್ಚಿ ಇರಲಿ. ನಾಡಿ ಬಡಿತದ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ. ಕೆಲವರಿಗೆ ಬಿಪಿ ಇಳಿಯುವುದಿಲ್ಲ, ಆದರೆ ನಿಂತ 10 ನಿಮಿಷದೊಳಗೆ ನಾಡಿ ಮೊದಲಿಗಿಂತ ನಿಮಿಷಕ್ಕೆ 30 ಬಡಿತ ಅಥವಾ ಅದಕ್ಕಿಂತ ಜಾಸ್ತಿ ಏರಿ ಹಾಗೇ ಉಳಿಯುತ್ತದೆ, ಅದು ಬೇರೆಯೇ ತೊಂದರೆ.

ಇನ್ನೊಂದು ಸಾಧ್ಯತೆಯೂ ಇದೆ. ಚಿಕ್ಕ ವಯಸ್ಸಿನವರಲ್ಲಿ, ಅದರಲ್ಲೂ ತೆಳ್ಳಗಿರುವವರಲ್ಲಿ, ಎದ್ದ ಮೊದಲ 15 ಸೆಕೆಂಡಿನಲ್ಲೇ ಬಿಪಿ ಇಳಿದು ಮತ್ತೆ ಏರಿಬಿಡುತ್ತದೆ. ಮಿಷನ್ ಗಾಳಿ ತುಂಬಿ ಇಳಿಸಿ ಅಳೆಯುವಷ್ಟರಲ್ಲಿ ಎಲ್ಲ ಸರಿಯಾಗಿರುತ್ತದೆ. ಅಂಥವರಿಗೆ ನಿಂತು ನೋಡಿದರೂ ನಾರ್ಮಲ್ ಬರಬಹುದು. ಹಾಗಂತ ನೀವು ಸುಳ್ಳು ಹೇಳುತ್ತಿದ್ದೀರಿ ಅಂತಲ್ಲ.

ಬಿಪಿ ಹೀಗೆ ಇಳಿಯುವುದಕ್ಕೆ ಕಾರಣ ಹುಡುಕುವಾಗ ಮೊದಲು ಸುಲಭವಾದವನ್ನು ನೋಡಿ. ನೀರು ಕಡಿಮೆ ಕುಡಿದದ್ದು, ವಾಂತಿ ಭೇದಿ, ಜ್ವರ, ಬಿಸಿಲು, ಮದ್ಯ, ಊಟ ಬಿಟ್ಟದ್ದು, ಹಲವು ದಿನ ಹಾಸಿಗೆ ಹಿಡಿದು ಎದ್ದದ್ದು. ಆಮೇಲೆ ಮಾತ್ರೆಗಳು. ಬಿಪಿ ಮಾತ್ರೆ, ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ, ಪ್ರಾಸ್ಟೇಟ್‌ಗೆ ಕೊಡುವ ಟ್ಯಾಮ್ಸುಲೋಸಿನ್, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು, ಇವೆಲ್ಲ ಹೀಗೆ ಮಾಡಬಹುದು. ಎರಡು ವಾರದ ಹಿಂದೆ ಯಾವುದಾದರೂ ಹೊಸ ಮಾತ್ರೆ ಶುರು ಮಾಡಿದ್ರಾ, ಡೋಸ್ ಜಾಸ್ತಿ ಮಾಡಿದ್ರಾ ಅಂತ ನೆನಪಿಸಿಕೊಳ್ಳಿ. ಹೌದಾದರೆ ಮಾತ್ರೆ ನೀವೇ ನಿಲ್ಲಿಸಬೇಡಿ, ಬರೆದುಕೊಟ್ಟವರಿಗೆ ಫೋನ್ ಮಾಡಿ ಕೇಳಿ. ತುಂಬಾ ವರ್ಷದಿಂದ ಸಕ್ಕರೆ ಕಾಯಿಲೆ ಇದ್ದವರಿಗೆ ಆ ಒತ್ತಡ ನೋಡಿಕೊಳ್ಳುವ ನರಗಳೇ ದುರ್ಬಲ ಆಗಿರಬಹುದು, ಅದು ಬೇಗ ಸರಿಹೋಗುವಂಥದ್ದಲ್ಲ.

ರಕ್ತ ಕಡಿಮೆ ಇರುವುದನ್ನು ಜನ ಹಗುರವಾಗಿ ತಗೊಳ್ಳುತ್ತಾರೆ, ನನಗೆ ಅದು ಸ್ವಲ್ಪ ಸಿಟ್ಟು ತರಿಸುತ್ತದೆ. ಹಿಮೋಗ್ಲೋಬಿನ್ ಹೆಂಗಸರಲ್ಲಿ 12ಕ್ಕಿಂತ, ಗಂಡಸರಲ್ಲಿ 13ಕ್ಕಿಂತ ಕೆಳಗಿದ್ದರೆ ರಕ್ತಹೀನತೆ ಅಂತ ಲೆಕ್ಕ. ಮಾತ್ರೆ ನುಂಗಿದರೆ ಮುಗಿಯಲಿಲ್ಲ, ರಕ್ತ ಎಲ್ಲಿ ಹೋಗುತ್ತಿದೆ ಅಂತ ನೋಡಬೇಕು. ಮುಟ್ಟಿನಲ್ಲಿ ಜಾಸ್ತಿ ಹೋಗುತ್ತಿದೆಯಾ? ಮೈಕೈ ನೋವಿಗೆ ಅಂತ ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ಮಾತ್ರೆ ದಿನಾ ನುಂಗುತ್ತಿದ್ದೀರಾ? ಅವು ಜಠರದಲ್ಲಿ ಹುಣ್ಣು ಮಾಡಿ ಒಳಗೊಳಗೇ ರಕ್ತ ಸೋರಿಸಬಹುದು. ಹೊರಗೆ ಏನೂ ಕಾಣುವುದಿಲ್ಲ, ಮಲ ಮಾತ್ರ ಡಾಂಬರಿನ ಹಾಗೆ ಕಪ್ಪಗೆ, ಜಿಗುಟಾಗಿ, ಕೆಟ್ಟ ವಾಸನೆ ಬರುತ್ತಿರುತ್ತದೆ. ಕಬ್ಬಿಣದ ಮಾತ್ರೆ ತಗೊಂಡರೂ ಮಲ ಕಪ್ಪಾಗುತ್ತದೆ, ಅದು ನೆನಪಿರಲಿ. ಆದರೆ ಮಾತ್ರೆ ಇಲ್ಲದೆ ಹಾಗಾಗಿದ್ದರೆ, ಜೊತೆಗೆ ತಲೆ ಹಗುರ ಆಗುತ್ತಿದ್ದರೆ, ಬೆಳಗಾಗಲಿ ಅಂತ ಕಾಯಬೇಡಿ. ಅವತ್ತೇ ಆಸ್ಪತ್ರೆಗೆ ಹೋಗಿ.

ನೀವು ಗಂಡೋ ಹೆಣ್ಣೋ ಬರೆದಿಲ್ಲ. ಹೆಣ್ಣಾಗಿದ್ದು ಮುಟ್ಟು ತಪ್ಪಿದ್ದರೆ ಮೊದಲು ಗರ್ಭ ಪರೀಕ್ಷೆ ಮಾಡಿಕೊಳ್ಳಿ. ಮೊದಲ ತಿಂಗಳುಗಳಲ್ಲಿ ತಲೆ ಹಗುರಾಗುವುದು ಸಾಮಾನ್ಯ. ಆದರೆ ಕಿಬ್ಬೊಟ್ಟೆಯಲ್ಲಿ ಒಂದು ಕಡೆ ನೋವು, ಭುಜದ ತುದಿಯಲ್ಲಿ ನೋವು, ಸ್ವಲ್ಪ ರಕ್ತ, ಜೊತೆಗೆ ಬವಳಿ ಬಂದಂತಾದರೆ ಗರ್ಭ ನಾಳದಲ್ಲಿ ನಿಂತು ಒಡೆದಿರಬಹುದು. ಅದು ಗಂಟೆಗಳ ಲೆಕ್ಕದ ವಿಷಯ.

ಎದ್ದಾಗ ಅಲ್ಲದೆ ಬೇರೆ ಹೊತ್ತಲ್ಲೂ ಬರುತ್ತದಾ ಅಂತ ನೋಡಿಕೊಳ್ಳಿ. ರಕ್ತ ತೆಗೆಯುವಾಗ, ನೋವಾದಾಗ, ಸೆಕೆಯಲ್ಲಿ ತುಂಬಾ ಹೊತ್ತು ನಿಂತಾಗ ಬರುವುದು ಇನ್ನೊಂದು ಬಗೆ. ಮೊದಲು ಆಕಳಿಕೆ, ಬೆವರು, ಹೊಟ್ಟೆ ತೊಳಸುವುದು, ಮುಖ ಬಿಳಿಚಿಕೊಳ್ಳುವುದು, ಆಮೇಲೆ ಕಣ್ಣು ಕತ್ತಲೆ. ಕೆಲವರಿಗೆ ರಾತ್ರಿ ಎದ್ದು ನಿಂತು ಮೂತ್ರ ಮಾಡುವಾಗ ಹೀಗಾಗುತ್ತದೆ, ಅವರು ಕೂತು ಮಾಡಿದರೆ ಒಳ್ಳೆಯದು. ಮುನ್ಸೂಚನೆ ಸಿಕ್ಕಿದಾಗ ಮಲಗಲು ಜಾಗ ಇಲ್ಲದಿದ್ದರೆ ಕಾಲಿಗೆ ಕಾಲು ಹೆಣೆದು ತೊಡೆ, ಪೃಷ್ಠ, ಹೊಟ್ಟೆ ಬಿಗಿಮಾಡಿ, ಎರಡೂ ಕೈ ಕೊಕ್ಕೆ ಹಾಕಿ ಎಳೆಯಿರಿ. ರಕ್ತ ಮೇಲಕ್ಕೆ ತಳ್ಳಲ್ಪಟ್ಟು ಬಿಪಿ ಸ್ವಲ್ಪ ಏರುತ್ತದೆ, ಕೂರಲು ಜಾಗ ಹುಡುಕುವಷ್ಟು ಸಮಯ ಸಿಗುತ್ತದೆ.

ಗಾಬರಿಯಾದಾಗ ಉಸಿರು ಜೋರಾಗಿ ಬಿಟ್ಟರೂ ತಲೆ ಹಗುರಾಗುತ್ತದೆ, ಬೆರಳು ಮತ್ತು ತುಟಿಯ ಸುತ್ತ ಜುಮ್ಮೆನ್ನುತ್ತದೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್ ಥರದ ಮಾತ್ರೆ ತಗೊಳ್ಳುವವರಾದರೆ ಶುಗರ್ ನೋಡಿ. 70ಕ್ಕಿಂತ ಕೆಳಗಿದ್ದರೆ 15 ಗ್ರಾಂ ಸಕ್ಕರೆ ಅಥವಾ ಗ್ಲೂಕೋಸ್ ಬಾಯಿಗೆ, 15 ನಿಮಿಷಕ್ಕೆ ಮತ್ತೆ ಪರೀಕ್ಷೆ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಕೋಣೆಯೇ ಗಿರ್ರನೆ ತಿರುಗಿ ಒಂದು ನಿಮಿಷದೊಳಗೆ ನಿಂತರೆ ಅದು ಬಹುತೇಕ ಒಳಕಿವಿಯ ತೊಂದರೆ. ಅಲ್ಲಿನ ಸಣ್ಣ ಹರಳುಗಳು ಜಾಗ ಬಿಟ್ಟು ಸರಿದಿರುತ್ತವೆ. ತಲೆಯನ್ನು ಒಂದು ಕ್ರಮದಲ್ಲಿ ತಿರುಗಿಸಿ ಅವನ್ನು ವಾಪಸ್ ಕೂರಿಸುವ ವಿಧಾನ ಇದೆ, ಕಿವಿಯ ಡಾಕ್ಟರ್ ಮಾಡುತ್ತಾರೆ. ನಿಮ್ಮದು ಅದಲ್ಲ ಅನ್ನಿಸುತ್ತದೆ. ಮನೆಯಲ್ಲಿ ಎಲ್ಲರಿಗೂ ಒಟ್ಟಿಗೆ ತಲೆನೋವು, ತಲೆಸುತ್ತು ಶುರುವಾದರೆ ಮಾತ್ರ ಏನೂ ಯೋಚಿಸದೆ ಹೊರಗೆ ಓಡಿ. ಮುಚ್ಚಿದ ಜಾಗದಲ್ಲಿ ಜನರೇಟರ್, ಕೆಂಡ, ಗ್ಯಾಸ್ ಹೀಟರ್ ಉರಿಯುತ್ತಿದ್ದರೆ ಅದರ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ನನಗೆ ನಿಜವಾಗಿ ಹೆದರಿಕೆ ಹುಟ್ಟಿಸುವುದು ಹೃದಯದ ಕಡೆಯದು, ಯಾಕೆಂದರೆ ಅದು ಎಷ್ಟೋ ಸಲ ಮುನ್ಸೂಚನೆ ಕೊಡದೆ ಬರುತ್ತದೆ. ಓಡುವಾಗ, ಮೆಟ್ಟಿಲು ಹತ್ತುವಾಗ, ಆಟದ ಮಧ್ಯೆ ಕಣ್ಣು ಕತ್ತಲೆ ಬಂದರೆ, ಮಲಗಿದ್ದಾಗ ಬಂದರೆ, ಎದೆ ಡವಡವ ಅಂತ ತಾಳ ತಪ್ಪಿ ಬಡಿದು ಆಮೇಲೆ ಬಂದರೆ, ಬೆವರು ಹೊಟ್ಟೆ ತೊಳಸು ಏನೂ ಇಲ್ಲದೆ ನಿಂತವರು ಧಪ್ಪನೆ ಬಿದ್ದರೆ, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೇ ಇದ್ದಕ್ಕಿದ್ದಂತೆ ತೀರಿಕೊಂಡಿದ್ದರೆ, ಇವರನ್ನು ನಾವು ಹಾಗೇ ಮನೆಗೆ ಕಳಿಸುವುದಿಲ್ಲ. ಮೊದಲು ಇಸಿಜಿ. ಅದು ಐದು ನಿಮಿಷದ ಕೆಲಸ. ಎದೆನೋವು, ದವಡೆಗೋ ತೋಳಿಗೋ ಹರಡುವ ನೋವು, ಉಸಿರು ಕಟ್ಟುವುದು ಜೊತೆಗಿದ್ದರೆ ಆಂಬುಲೆನ್ಸ್ ಕರೆಯಿರಿ. ವಯಸ್ಸಾದವರಲ್ಲಿ, ಹೆಂಗಸರಲ್ಲಿ, ಶುಗರ್ ಇದ್ದವರಲ್ಲಿ ಎದೆನೋವೇ ಇಲ್ಲದೆ ಬರೀ ಸುಸ್ತು, ಬೆವರು, ತಲೆ ಹಗುರ ಅಂತ ಹಾರ್ಟ್ ಅಟ್ಯಾಕ್ ಆಗುವುದುಂಟು. ಒಂದು ಕಾಲಿನ ಮೀನಖಂಡ ಊದಿ ನೋಯುತ್ತಾ, ಹಠಾತ್ತಾಗಿ ಉಸಿರಾಟಕ್ಕೆ ಕಷ್ಟವಾದರೆ ಶ್ವಾಸಕೋಶಕ್ಕೆ ರಕ್ತದ ಗಡ್ಡೆ ಹೋಗಿರಬಹುದು.

ಪಾರ್ಶ್ವವಾಯುವಿನ ಲಕ್ಷಣಗಳು ಬೇರೆ. ಮುಖ ಒಂದು ಕಡೆ ಜೋತು ಬೀಳುವುದು, ಒಂದು ಕೈಯೋ ಕಾಲೋ ಸೋಲುವುದು, ಮಾತು ತೊದಲುವುದು, ಒಂದು ವಸ್ತು ಎರಡಾಗಿ ಕಾಣುವುದು, ಹಿಡಿದುಕೊಂಡರೂ ನೆಟ್ಟಗೆ ನಡೆಯಲು ಆಗದಿರುವುದು, ಹಿಂದೆಂದೂ ಬಾರದಂಥ ತಲೆನೋವು. ಇವುಗಳಲ್ಲಿ ಒಂದಿದ್ದರೂ ಶುರುವಾದ ಗಂಟೆ ನೋಡಿಕೊಂಡು ಹೊರಡಿ. ಗಡ್ಡೆ ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ 4.5 ಗಂಟೆಯೊಳಗೆ ಕೊಡಬೇಕು, ನಾವು ಬಾಗಿಲಲ್ಲೇ ಕೇಳುವುದು "ಎಷ್ಟೊತ್ತಿಗೆ ಶುರುವಾಯ್ತು" ಅಂತ.

ಮತ್ತೆ ಬಂದಾಗ ಏನು ಮಾಡಬೇಕು? ಬಂದ ಕ್ಷಣ ಕೆಳಗೆ ಕೂತುಬಿಡಿ, ಸಾಧ್ಯವಾದರೆ ಮಲಗಿ ಕಾಲು ಎತ್ತರಕ್ಕೆ ಇಡಿ. ಮರ್ಯಾದೆ ನೋಡಬೇಡಿ, ಬಿದ್ದು ತಲೆ ಒಡೆದುಕೊಂಡು ಬಂದವರಿಗೆ ಹೊಲಿಗೆ ಹಾಕುವುದೇ ನಮಗೆ ಒಂದು ದೊಡ್ಡ ಕೆಲಸ. ಸುತ್ತಲಿನವರಿಗೂ ಹೇಳಿಡಿ, ಎಚ್ಚರ ತಪ್ಪಿದವರನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಬಾರದು. ಎಲ್ಲರೂ ಅದನ್ನೇ ಮಾಡುತ್ತಾರೆ! ಮಲಗಿಸಿದರೆ ಮೆದುಳಿಗೆ ರಕ್ತ ತಾನಾಗಿ ಹೋಗುತ್ತದೆ. ಬಾಯಿಗೆ ನೀರು ಹಾಕಬಾರದು. ಒಂದು ನಿಮಿಷದಲ್ಲಿ ಎಚ್ಚರ ಬರದಿದ್ದರೆ ಆಂಬುಲೆನ್ಸ್, ಉಸಿರೇ ಇಲ್ಲದಿದ್ದರೆ ಕೂಡಲೇ ಎದೆ ಒತ್ತಲು ಶುರು ಮಾಡಬೇಕು. ಬಿದ್ದಾಗ ಕೈಕಾಲು ಕೆಲವು ಸೆಕೆಂಡ್ ಅದುರಿದರೆ ಅದು ಮೂರ್ಛೆ ರೋಗವೇ ಆಗಿರಬೇಕಿಲ್ಲ, ನೋಡಿದವರು ಅದನ್ನು ಡಾಕ್ಟರಿಗೆ ಹೇಳಿದರೆ ಸಾಕು.

ಸ್ಕ್ಯಾನ್ ಬಗ್ಗೆ ಕೇಳಿದ್ದಿರಿ. ಎದ್ದಾಗ ಮಾತ್ರ ಬಂದು ಸೆಕೆಂಡುಗಳಲ್ಲಿ ಹೋಗುತ್ತಿದ್ದರೆ, ಮೇಲೆ ಹೇಳಿದ ಪಾರ್ಶ್ವವಾಯುವಿನ ಲಕ್ಷಣ ಯಾವುದೂ ಇಲ್ಲದಿದ್ದರೆ, ತಲೆ ಸ್ಕ್ಯಾನ್‌ನಲ್ಲಿ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ಈ ವಾರದಲ್ಲೇ ಡಾಕ್ಟರ ಹತ್ತಿರ ಹೋಗಿ ನಾಲ್ಕು ಕೇಳುತ್ತಿದ್ದೆ: ಮಲಗಿ ಮತ್ತು ನಿಂತು ಬಿಪಿ, ಇಸಿಜಿ, ಹಿಮೋಗ್ಲೋಬಿನ್, ಶುಗರ್. ಅಲ್ಲಿಯವರೆಗೆ ಸಾಕಷ್ಟು ನೀರು ಕುಡಿಯಿರಿ, ಹಾಸಿಗೆಯಿಂದ ಏಳುವಾಗ ಅಂಚಿನಲ್ಲಿ ಒಂದು ನಿಮಿಷ ಕೂತು ಪಾದ ಆಡಿಸಿ ಆಮೇಲೆ ನಿಲ್ಲಿ. ಉಪ್ಪುನೀರು ಕುಡಿಯಿರಿ ಅಂತ ಯಾರೋ ಹೇಳುತ್ತಾರೆ, ಕೆಲವರಿಗೆ ಡಾಕ್ಟರೇ ಉಪ್ಪು ಜಾಸ್ತಿ ಮಾಡಲು ಹೇಳುವುದೂ ಇದೆ. ಆದರೆ ಹೃದಯ, ಕಿಡ್ನಿ, ಹೈ ಬಿಪಿ ತೊಂದರೆ ಇದ್ದವರಿಗೆ ಅದು ಹೆಚ್ಚು ಅಪಾಯ, ಕೇಳದೆ ಶುರು ಮಾಡಬೇಡಿ.

ಗಾಡಿ ವಿಷಯ. ಕೂತಿರುವಾಗ ಒಂದು ಸಲವಾದರೂ ಬಂದಿದ್ದರೆ ಡಾಕ್ಟರ್ ನೋಡುವವರೆಗೆ ಓಡಿಸಬೇಡಿ, ಎತ್ತರದ ಏಣಿ ಹತ್ತುವುದು, ಒಬ್ಬರೇ ಈಜುವುದು ಕೂಡ ಬೇಡ. ಎದ್ದಾಗ ಮಾತ್ರ ಬರುತ್ತಿದೆ ಅಂತ ಖಾತ್ರಿ ಇದ್ದರೂ ಎದ್ದು ಬಂದು ತಕ್ಷಣ ಗಾಡಿ ಹತ್ತಬೇಡಿ, ಐದು ನಿಮಿಷ ಓಡಾಡಿ ಸರಿಯಿದೆ ಅನ್ನಿಸಿದ ಮೇಲೆ ಹೊರಡಿ. ನಿಂತು ಬಿಪಿ ನೋಡಿಸಿದ ಮೇಲೆ ಎಷ್ಟು ಬಂತು ಅಂತ ಇಲ್ಲೇ ಬರೆಯಿರಿ, ನಾಡಿ ಎಷ್ಟಿತ್ತು ಅನ್ನುವುದನ್ನೂ ಸೇರಿಸಿ.