ಬದುವಿನ ಆಚೆಯ ಜಾಲಿಗೆ ಯಾವ ಕಾನೂನು?

ಮಾನ್ಯರೆ,

ಶಹಾಪುರ ತಾಲ್ಲೂಕಿನಿಂದ ತಾವು ಬರೆದ ಪತ್ರ ತಲುಪಿದೆ. ತಮ್ಮ ತೊಗರಿ ಹೊಲಕ್ಕೆ ಹತ್ತಿಕೊಂಡಿರುವ ಗಾಯರಾಣದ (ದನ ಮೇಯಿಸುವ ಸರ್ಕಾರಿ ಗೋಮಾಳದ) ತುಂಬ ಬಳ್ಳಾರಿ ಜಾಲಿ ಹಬ್ಬಿ ಬಂಡಿದಾರಿಯನ್ನೂ ಮುಚ್ಚಿರುವುದು, ಊರು ಬಿಟ್ಟು ಹೋದ ನೆರೆಯವರ ಬೀಳು ಹೊಲದಿಂದ ಕಾಂಗ್ರೆಸ್ ಕಸ ಪ್ರತಿ ಮಳೆಗಾಲ ತಮ್ಮ ಹೊಲಕ್ಕೆ ದಾಟಿ ಬರುವುದು, ಊರ ಹತ್ತಿರದ ಹೊಂಡವೊಂದರಲ್ಲಿ ಆಫ್ರಿಕನ್ ಕ್ಯಾಟ್‌ಫಿಶ್ ಸಾಕುತ್ತಿದ್ದಾರೆಂಬ ಮಾತು ಕೇಳಿಬಂದಿರುವುದು, ಇವೆಲ್ಲವನ್ನೂ ವಿವರವಾಗಿ ಬರೆದು, ‘ಹೊರದೇಶದಿಂದ ಬಂದ ಗಿಡ, ಮೀನು, ಹುಳಗಳಿಗೆಲ್ಲ ಒಂದು ಕಾನೂನು ಇಲ್ಲವೇ? ಇದ್ದರೆ ಅದು ನಮ್ಮ ಬದುವಿನ ತನಕ ಏಕೆ ಬರುವುದಿಲ್ಲ?’ ಎಂದು ಕೇಳಿದ್ದೀರಿ.

ಕಾನೂನು ಒಂದಲ್ಲ, ಹಲವು ಇವೆ. ಅವುಗಳಲ್ಲಿ ಬಹುಪಾಲು ಊರ ಅಗಸೆ ಬಾಗಿಲಲ್ಲಿ ಕಾವಲು ನಿಂತಿವೆ. ಊರೊಳಗೆ ಬಂದು ಕುಳಿತವರನ್ನು ಎಬ್ಬಿಸುವ ಅಧಿಕಾರ ಅವಕ್ಕಿಲ್ಲ. 1898ರ ಜಾನುವಾರು ಆಮದು ಕಾಯ್ದೆ, 1914ರ ವಿನಾಶಕಾರಿ ಕೀಟಗಳು ಮತ್ತು ಪೀಡೆಗಳ ಕಾಯ್ದೆ, ಅದರಡಿ 2003ರಲ್ಲಿ ಹೊರಡಿಸಿದ ಸಸ್ಯ ಕ್ವಾರಂಟೈನ್ ಆದೇಶ, ಇವೆಲ್ಲ ಬಂದರಿನಲ್ಲೋ ವಿಮಾನ ನಿಲ್ದಾಣದಲ್ಲೋ ಸರಕನ್ನು ತಡೆದು ಪರೀಕ್ಷಿಸುವ ಕಾನೂನುಗಳು. ಸರಕಿನ ಜೊತೆ ಬರುವುದನ್ನು ಇವು ತಡೆಯಬಲ್ಲವು. ಆದರೆ 2018ರಲ್ಲಿ ಶಿವಮೊಗ್ಗದ ಮೆಕ್ಕೆಜೋಳದಲ್ಲಿ ಮೊದಲು ಪತ್ತೆಯಾದ ಫಾಲ್ ಸೈನಿಕ ಹುಳುವಿನ ಪತಂಗ ಒಂದೇ ರಾತ್ರಿ ಹತ್ತಾರು ಕಿಲೋಮೀಟರ್ ಹಾರುವಂಥದ್ದು. ಅದಕ್ಕೆ ಪರವಾನಗಿ ಕೇಳುವವರು ಯಾರು?

ಈಚಿನ ಕಾನೂನೆಂದರೆ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಂದು 2023ರ ಏಪ್ರಿಲ್ 1ರಿಂದ ಜಾರಿಗೊಳಿಸಿದ ತಿದ್ದುಪಡಿ. ಅದರ 62ಎ ಕಲಮು ಆಕ್ರಮಣಕಾರಿ ಅನ್ಯದೇಶೀಯ ಜೀವಿಗಳ ಆಮದು, ವ್ಯಾಪಾರ, ಸ್ವಾಧೀನ ಮತ್ತು ಹರಡುವಿಕೆಯನ್ನು ಅಧಿಸೂಚನೆಯ ಮೂಲಕ ನಿಯಂತ್ರಿಸುವ ಇಲ್ಲವೆ ನಿಷೇಧಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಅಂಥ ಜೀವಿಗಳನ್ನು ವಶಪಡಿಸಿಕೊಂಡು ನಾಶಪಡಿಸಲು ಅಧಿಕಾರಿಗಳನ್ನು ನೇಮಿಸಲೂ ಅವಕಾಶವಿದೆ. ಆದರೆ ಅಧಿಸೂಚನೆಯಲ್ಲಿ ಹೆಸರಿಲ್ಲದ ಜೀವಿಗೆ ಈ ಕಲಮು ತಾಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ವನ್ಯಜೀವಿಗೆ ಅಥವಾ ಅದರ ನೆಲೆಗೆ ಅಪಾಯವಿರಬೇಕೆಂಬುದು ಕಾಯ್ದೆಯ ವ್ಯಾಖ್ಯೆ. ಬೀದರ್ ಜಿಲ್ಲೆಯಲ್ಲಿ ಕೃಷ್ಣಮೃಗಗಳು ಮೇಯುವ ಹುಲ್ಲುಗಾವಲನ್ನು ಜಾಲಿ ಆವರಿಸಿದರೆ, ಚಿಂಚೋಳಿಯ ಅಭಯಾರಣ್ಯದೊಳಗೆ ಲಂಟಾನ ಹಬ್ಬಿದರೆ ಈ ಕಲಮಿನಡಿ ಕೇಳಬಹುದು. ತಮ್ಮ ತೊಗರಿ ಹೊಲ ಅದರ ಲೆಕ್ಕಕ್ಕೆ ಬರುವುದಿಲ್ಲ.

ತಮ್ಮ ಹೊಲದ ತನಕ ಬರುವ ಕಾನೂನು ಬೇರೆಯೇ ಇದೆ, ಮತ್ತು ಅದು ಹೊಸದಲ್ಲ. ಕರ್ನಾಟಕ ಕೃಷಿ ಪೀಡೆಗಳು ಮತ್ತು ರೋಗಗಳ ಕಾಯ್ದೆ 1968ರದು. ಈ ಕಾಯ್ದೆಯಡಿ ಒಂದು ಕೀಟವನ್ನೋ ಕಳೆಯನ್ನೋ ಹಾನಿಕಾರಕವೆಂದು ಸರ್ಕಾರ ಘೋಷಿಸಿದರೆ, ಭೂಮಿಯ ಅನುಭವದಾರನು ಅದನ್ನು ತೆಗೆಯಲು ಬದ್ಧನಾಗುತ್ತಾನೆ; ತೆಗೆಯದಿದ್ದರೆ ಅಧಿಕಾರಿಯು ನೋಟಿಸು ಕೊಡಬಹುದು, ನೋಟಿಸಿಗೂ ಜಗ್ಗದಿದ್ದರೆ ತಾನೇ ತೆಗೆಸಿ ಅದರ ಖರ್ಚನ್ನು ಅನುಭವದಾರನಿಂದ ವಸೂಲು ಮಾಡಬಹುದು. ಪುಣೆಯಲ್ಲಿ 1950ರ ದಶಕದ ನಡುವೆ ಕಣ್ಣಿಗೆ ಬಿದ್ದು ದೇಶದ ತುಂಬ ಹಬ್ಬಿದ ಪಾರ್ಥೇನಿಯಂ, ಅಂದರೆ ನಮ್ಮ ಕಾಂಗ್ರೆಸ್ ಕಸ, ಇದೇ ಕಾಯ್ದೆಯಡಿ 1975ರಲ್ಲಿ ಹಾನಿಕಾರಕ ಕಳೆಯೆಂದು ಘೋಷಣೆಯಾಗಿದೆ. ಅಂದರೆ ತಮ್ಮ ನೆರೆಯವರು ಅವರ ಹೊಲದ ಕಸ ತೆಗೆಯಬೇಕೆಂಬುದು ದಾಕ್ಷಿಣ್ಯದ ಮಾತಲ್ಲ, ಕಾನೂನಿನ ಮಾತು.

ಹಾಗಿದ್ದೂ ಈ ಕಾಯ್ದೆಯಡಿ ನೋಟಿಸು ಬಂದ ರೈತರನ್ನು ನಮ್ಮ ಭಾಗದಲ್ಲಿ ನಾನಂತೂ ಕಂಡಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ಚೆನ್ನಾಗಿ ಬೆಳೆದ ಒಂದೇ ಪಾರ್ಥೇನಿಯಂ ಗಿಡ ಹತ್ತು ಸಾವಿರಕ್ಕೂ ಹೆಚ್ಚು ಬೀಜ ಉದುರಿಸುತ್ತದೆ. ಆ ಬೀಜಕ್ಕೆ ರಸ್ತೆಯ ಅಂಚು, ರೈಲು ಹಳಿಯ ಪಕ್ಕ, ಕಾಲುವೆಯ ದಂಡೆ, ಶಾಲೆಯ ಅಂಗಳ, ಆಸ್ಪತ್ರೆಯ ಹಿತ್ತಲು ಎಲ್ಲವೂ ಒಂದೇ. ಇವುಗಳಲ್ಲಿ ಬಹುತೇಕ ಸರ್ಕಾರದ ಜಾಗಗಳು. ಕೃಷಿ ಇಲಾಖೆಯು ನೀರಾವರಿ ಇಲಾಖೆಗೂ ಲೋಕೋಪಯೋಗಿ ಇಲಾಖೆಗೂ ನೋಟಿಸು ಕೊಡದೆ ಎರಡೆಕರೆಯ ರೈತನಿಗೆ ಮಾತ್ರ ಕೊಟ್ಟರೆ ಅದು ನ್ಯಾಯವಾಗದು, ಕೊಟ್ಟೂ ಪ್ರಯೋಜನವಿಲ್ಲ. ಕಸ ತೆಗೆಯುವ ಹೊಣೆಯನ್ನು ಮೊದಲು ಸರ್ಕಾರಿ ಜಾಗದ ಮೇಲೆ ಹೊರಿಸಿ, ಆ ಬಳಿಕ ಖಾಸಗಿ ಹೊಲದ ಮಾತೆತ್ತಬೇಕೆಂಬುದು ನನ್ನ ಅಭಿಪ್ರಾಯ. ಅದಕ್ಕೆ ಹೊಸ ಕಾಯ್ದೆ ಬೇಡ. ಇರುವ ಕಾಯ್ದೆಯನ್ನು ಇಲಾಖೆಗಳು ತಮ್ಮ ಮೇಲೆ ತಾವೇ ಅನ್ವಯಿಸಿಕೊಂಡರೆ ಸಾಕು.

ಇನ್ನು ಜಾಲಿಯ ವಿಷಯ. ಇಲ್ಲಿ ಕಾನೂನಿನ ನಿಲುವು ವಿಚಿತ್ರವಾಗಿದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯು ಅನುಮತಿಯಿಲ್ಲದೆ ಕಡಿಯಬಹುದಾದ ಕೆಲವು ಜಾತಿಗಳನ್ನು ಹೆಸರಿಸಿದೆ. ನೀಲಗಿರಿ, ಸುಬಾಬುಲ್‌ಗಳ ಜೊತೆ ಪ್ರಾಸೊಪಿಸ್, ಎಂದರೆ ಇದೇ ಜಾಲಿ, ಅದರಲ್ಲಿದೆ. ತಮ್ಮ ಸ್ವಂತ ಹೊಲದ ಜಾಲಿಯನ್ನು ತಾವು ಯಾರನ್ನೂ ಕೇಳದೆ ಕಡಿಯಬಹುದು. ಆದರೆ ಕಡಿಯುವ ಸ್ವಾತಂತ್ರ್ಯ ಬೇರೆ, ಕಡಿಯಲೇಬೇಕೆಂಬ ಹೊಣೆ ಬೇರೆ. ಗಾಯರಾಣದ ಜಾಲಿಯನ್ನು ತಾವಾಗಿ ಕಡಿದರೆ ಅದು ಸರ್ಕಾರದ ಸ್ವತ್ತಿಗೆ ಕೈಹಾಕಿದಂತೆ. ಸರ್ಕಾರ ಕಡಿಯದಿದ್ದರೆ ಅದನ್ನು ಕೇಳುವ ಕಲಮು ಈ ಕಾಯ್ದೆಯಲ್ಲಿಲ್ಲ.

ಕಡಿದ ಮಾತ್ರಕ್ಕೆ ಜಾಲಿ ಹೋಗುವುದೂ ಇಲ್ಲ ಎಂಬುದನ್ನು ತಾವೇ ಕಂಡಿರಬೇಕು. ಕೊಡಲಿ ಬಿದ್ದ ಬುಡದಿಂದ ಒಂದರ ಬದಲು ನಾಲ್ಕೈದು ಚಿಗುರು ಒಡೆದು, ಒಂಟಿ ಗಿಡವಾಗಿದ್ದದ್ದು ನುಸುಳಲಾಗದ ಕಂಟಿಯಾಗುತ್ತದೆ. ಬೇಸಿಗೆಯಲ್ಲಿ ಬೇರೆ ಮೇವಿಲ್ಲದಾಗ ಆಡು, ಕುರಿ, ದನಗಳು ಅದರ ಹಳದಿ ಕಾಯಿಯನ್ನು ಆಸೆಯಿಂದ ತಿನ್ನುತ್ತವೆ. ಸಿಹಿ ತಿರುಳು ಕರಗಿ, ಗಟ್ಟಿ ಬೀಜ ಮಾತ್ರ ಹಿಕ್ಕೆ ಸಗಣಿಯ ಜೊತೆ ಹೊರಬಿದ್ದು, ಗೊಬ್ಬರ ಸಮೇತ ಬಿತ್ತಿದ ಹಾಗೆ ಮೊದಲ ಮಳೆಗೇ ಮೊಳೆಯುತ್ತದೆ. ಬುಡ ಸಮೇತ ಕಿತ್ತು, ಮುಂದಿನ ಕೆಲವು ವರ್ಷ ಸಸಿಗಳನ್ನು ಕೀಳುತ್ತಲೇ ಇರದಿದ್ದರೆ ಮೊದಲ ದಿನದ ಜೆಸಿಬಿ ಬಾಡಿಗೆ ನೀರಿನಲ್ಲಿ ಹೋಮ ಮಾಡಿದಂತಾಗುತ್ತದೆ.

ಇನ್ನೊಂದು ಕಡೆಯೂ ಇದೆ. ಇದೇ ಜಾಲಿಯ ಸೌದೆ ಕಡಿದು, ಇದ್ದಿಲು ಸುಟ್ಟು ಮಾರಿ ಬದುಕುವ ಭೂಮಿಯಿಲ್ಲದ ಮನೆಗಳು ನಮ್ಮ ಹಳ್ಳಿಗಳಲ್ಲಿವೆ. ‘ಎಲ್ಲ ಜಾಲಿಯನ್ನೂ ನಿರ್ಮೂಲ ಮಾಡಿ’ ಎಂಬ ಆದೇಶ ಕಾಗದದ ಮೇಲೆ ಚೆಂದ ಕಂಡರೂ ಅದರ ಬೆಲೆ ತೆರುವವರು ಇಂಥವರೇ. ದಕ್ಷಿಣ ಆಫ್ರಿಕಾದವರು ಈ ತೊಡಕನ್ನು ಎದುರಿಸಿದ ಬಗೆ ನನಗೆ ಮೆಚ್ಚುಗೆಯಾಗಿದೆ: ಅಲ್ಲಿಯ 2014ರ ನಿಯಮಗಳಲ್ಲಿ ಪ್ರಾಸೊಪಿಸ್ ಮರವು ಹಲವು ಪ್ರಾಂತಗಳಲ್ಲಿ ಕಡ್ಡಾಯವಾಗಿ ನಿಯಂತ್ರಿಸಬೇಕಾದ ವರ್ಗದಲ್ಲಿದ್ದರೆ, ಒಣ ಪ್ರದೇಶವಾದ ನಾರ್ದರ್ನ್ ಕೇಪ್‌ನಲ್ಲಿ ಇರುವುದನ್ನು ಸಹಿಸಿ ಹೊಸದಾಗಿ ನೆಡುವುದನ್ನು ತಡೆಯುವ ವರ್ಗದಲ್ಲಿದೆ. ಒಂದೇ ಮರಕ್ಕೆ ನೆಲ ನೋಡಿ ಎರಡು ನಿಯಮ. ನಮ್ಮಲ್ಲೂ ಪಟ್ಟಿ ಮಾಡುವಾಗ ಭೀಮೆಯ ದಂಡೆ, ಹುಲ್ಲುಗಾವಲು, ಕೆರೆಯ ಅಂಗಳಗಳಲ್ಲಿ ಜಾಲಿ ತೆಗೆಯುವುದು ಕಡ್ಡಾಯವೆಂದೂ ಬರಡು ಮೊರಡಿಯಲ್ಲಿ ಕಡಿದು ಬಳಸಲು ಅವಕಾಶವೆಂದೂ ಬೇರ್ಪಡಿಸಿದರೆ ಕಾನೂನಿಗೆ ಜನರ ಬೆಂಬಲ ಸಿಕ್ಕೀತು.

ಆಫ್ರಿಕನ್ ಕ್ಯಾಟ್‌ಫಿಶ್ ಕುರಿತು ಅನುಮಾನಕ್ಕೆ ಎಡೆಯಿಲ್ಲ. ಅದರ ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲೇ ನಿಷೇಧಿಸಿದೆ. ಗಾಳಿಯನ್ನೂ ಉಸಿರಾಡಬಲ್ಲ ಆ ಮೀನು ಮಳೆಗೆ ಹೊಂಡ ತುಂಬಿ ಹರಿದ ದಿನ ಹಳ್ಳಕ್ಕಿಳಿದರೆ ಕಣ್ಣಿಗೆ ಬಿದ್ದ ನಾಟಿ ಮೀನನ್ನೆಲ್ಲ ತಿನ್ನುತ್ತದೆ; ಹಾಗಾಗಿ ಮೀನುಗಾರಿಕೆ ಇಲಾಖೆಯ ಸಹಾಯಕ ನಿರ್ದೇಶಕರಿಗೆ ತಾವು ಇಂದೇ ಬರೆಯಬಹುದು. ಅದೇ ಉಸಿರಿನಲ್ಲಿ ಹೇಳಬೇಕಾದ ಇನ್ನೊಂದು ಸಂಗತಿಯೆಂದರೆ, ಸೊಳ್ಳೆಮರಿ ತಿನ್ನಲೆಂದು ಆರೋಗ್ಯ ಇಲಾಖೆ ಬಾವಿ ಹೊಂಡಗಳಿಗೆ ಬಿಡುವ ಗ್ಯಾಂಬೂಸಿಯಾ ಕೂಡ ಹೊರದೇಶದ್ದೇ, ಮತ್ತು ಜೀವವೈವಿಧ್ಯ ತಜ್ಞರ ಆಕ್ರಮಣಕಾರಿ ಮೀನುಗಳ ಪಟ್ಟಿಯಲ್ಲಿ ಅದೂ ಇದೆ. ಒಂದು ಇಲಾಖೆ ಹಿಡಿಯಬೇಕಾದ್ದನ್ನು ಇನ್ನೊಂದು ಇಲಾಖೆ ಬಿಡುತ್ತಿದೆ.

ಮದ್ದಾಗಿ ಹೊರಗಿನ ಜೀವಿಯನ್ನು ತರುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಪಾರ್ಥೇನಿಯಂ ಎಲೆ ತಿನ್ನುವ ಮೆಕ್ಸಿಕೋದ ಜೀರುಂಡೆಯನ್ನು ಕ್ವಾರಂಟೈನ್‌ನಲ್ಲಿಟ್ಟು ಪರೀಕ್ಷಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. 1990ರ ದಶಕದ ಆರಂಭದಲ್ಲಿ ಅದು ಸೂರ್ಯಕಾಂತಿ ಎಲೆಯ ಮೇಲೆ ಕಂಡಾಗ ಸೂರ್ಯಕಾಂತಿ ಬೆಳೆಗಾರರು ಬೆಚ್ಚಿದ್ದರು. ಕೇಂದ್ರ ಸರ್ಕಾರ ಸಮಿತಿ ನೇಮಿಸಿತು, ಬೆಳೆಗೆ ಅಪಾಯವಿಲ್ಲವೆಂದು ಖಚಿತವಾಗುವ ತನಕ ಜೀರುಂಡೆ ಬಿಡುವ ಕೆಲಸ ನಿಂತಿತ್ತು. ಅಷ್ಟು ಎಚ್ಚರ ಎಲ್ಲ ಇಲಾಖೆಗಳಿಗೂ ಇರಲಿ.

ಈಗ ತಾವು ಮಾಡಬಹುದಾದದ್ದನ್ನು ಹೇಳುತ್ತೇನೆ. ಬಂಡಿದಾರಿ ನಕಾಶೆಯಲ್ಲಿದ್ದು ಜಾಲಿಯಿಂದ ಮುಚ್ಚಿದ್ದರೆ ಸರ್ವೆ ನಂಬರು ಬರೆದು ತಹಶೀಲ್ದಾರರಿಗೆ ಅರ್ಜಿ ಕೊಡಿ. ಸಾರ್ವಜನಿಕ ದಾರಿಯ ಅಡ್ಡಿ ತೆಗೆಸುವ ಅಧಿಕಾರ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಲ್ಲಿದೆ. ನೆರೆಯವರ ಕಸದ ಬಗ್ಗೆ 1968ರ ಕಾಯ್ದೆಯನ್ನು ಹೆಸರಿಸಿಯೇ ರೈತ ಸಂಪರ್ಕ ಕೇಂದ್ರಕ್ಕೆ ಬರೆಯಿರಿ, ಹೂ ಬಿಡುವ ಮೊದಲೇ ಬರೆಯಿರಿ. ಗಾಯರಾಣಕ್ಕಾಗಿ ಗ್ರಾಮಸಭೆಯಲ್ಲಿ ‘ಜಾಲಿ ತೆಗೆಸಿ’ ಎಂದು ಮಾತ್ರ ಕೇಳಬೇಡಿ. ಹುಲ್ಲು ಕೀಳುವಂಥ, ಮತ್ತೆ ಮತ್ತೆ ಮಾಡಬೇಕಾದ, ಅಳತೆಗೆ ಸಿಗದ ಕೆಲಸಗಳನ್ನು ಕೈಗೊಳ್ಳಬಾರದೆಂದು 2005ರ ಉದ್ಯೋಗ ಖಾತರಿ ಕಾಯ್ದೆಯ ಅನುಸೂಚಿಯಲ್ಲೇ ಬರೆದಿತ್ತು. ಕೂಲಿ ಹಣ ಬಿಡುಗಡೆಗೆ ಅಧಿಕಾರಿಗಳು ಹಿಂಜರಿಯುತ್ತಿದ್ದುದು ಈ ಕಾರಣಕ್ಕೇ. ಅದರ ಬದಲು ಗಾಯರಾಣದಲ್ಲಿ ಹುಲ್ಲುಗಾವಲು ಅಭಿವೃದ್ಧಿಯ ಕಾಮಗಾರಿ ಕೇಳಿ, ಜಾಲಿಯನ್ನು ಬೇರು ಸಮೇತ ತೆಗೆಯುವುದನ್ನೂ ಮುಂದಿನ ವರ್ಷಗಳ ಸಸಿ ಕೀಳುವುದನ್ನೂ ಆ ಅಂದಾಜುಪಟ್ಟಿಯೊಳಗೇ ಸೇರಿಸಿರೆಂದು ಪಟ್ಟು ಹಿಡಿಯಿರಿ. ಠರಾವಿನ ಪ್ರತಿಯೊಂದನ್ನು ಪಂಚಾಯತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೂ ಕಳಿಸಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಅಂಥ ಸಮಿತಿ ತಮ್ಮ ಪಂಚಾಯತಿಯಲ್ಲೂ ಇರಲೇಬೇಕು.

– ಸಂಪಾದಕ, ಕಲಬುರಗಿ