ಪೊರೆ ಆಪರೇಷನ್ ಆಗಿ ಆರು ವರ್ಷದ ಮೇಲೆ ಅಮ್ಮನಿಗೆ ಮತ್ತೆ ಮಂಜು ಮಂಜು: ಪೊರೆ ವಾಪಸ್ ಬಂತೇ?

ಸಕ್ಕರೆ ಕಾಯಿಲೆ ಇರುವ ಅಮ್ಮನಿಗೆ ಆಪರೇಷನ್ ಆದ ಆರು ವರ್ಷಕ್ಕೆ ಮತ್ತೆ ಮಸುಕಾಗಿದೆ, ಎರಡು ಸಲ ಕನ್ನಡಕ ಬದಲಿಸಿದರೂ ಸರಿಹೋಗಿಲ್ಲ, ಪೊರೆ ಮತ್ತೆ ಬಂತೇ ಎಂದು ಕೇಳಿದ್ದೀರಿ. ಇಲ್ಲ, ತೆಗೆದ ಪೊರೆ ಮತ್ತೆ ಬೆಳೆಯುವುದಿಲ್ಲ. ಪೊರೆ ಎಂದರೆ ಮಬ್ಬಾದ ಹುಟ್ಟು ಲೆನ್ಸ್. ಅದನ್ನು ಆಗಲೇ ತೆಗೆದಾಗಿದೆ. ಆದರೆ ಲೆನ್ಸ್ ಸುತ್ತ ಇದ್ದ ತೆಳು ಚೀಲವನ್ನು ಡಾಕ್ಟರು ಉಳಿಸಿಕೊಂಡು, ಕೃತಕ ಲೆನ್ಸನ್ನು ಅದರೊಳಗೇ ಕೂರಿಸುತ್ತಾರೆ. ಅಂಚಿನಲ್ಲಿ ಉಳಿದ ಜೀವಕೋಶಗಳು ಕೆಲವು ತಿಂಗಳ ಅಥವಾ ವರ್ಷಗಳ ನಂತರ ಚೀಲದ ಹಿಂಬದಿಗೆ ಹರಡಿ ಅದನ್ನು ಮಬ್ಬಾಗಿಸುತ್ತವೆ. ನೋವಿಲ್ಲದೆ ಮೆಲ್ಲಗೆ ಮಸುಕಾಗುವುದು, ರಾತ್ರಿ ಗಾಡಿಗಳ ಬೆಳಕು ಚದುರಿ ಕಾಣುವುದು, ನೀವು ಹೇಳಿದಂತೆ ಎರಡು ಸಲ ಕನ್ನಡಕ ಬದಲಿಸಿದರೂ ಸರಿಹೋಗದಿರುವುದು, ಇವೆಲ್ಲ ಇದಕ್ಕೆ ಹೊಂದುತ್ತವೆ.

ಇದಕ್ಕೆ ಯಾಗ್ ಲೇಸರ್ ಮಾಡುತ್ತಾರೆ. ಡ್ರಾಪ್ಸ್ ಹಾಕಿ ಪಾಪೆ ಹಿಗ್ಗಲು ಅರ್ಧ ಗಂಟೆ ಬೇಕು. ಆಮೇಲೆ ಯಂತ್ರಕ್ಕೆ ಗದ್ದ, ಹಣೆ ಒತ್ತಿ ಕೂತರೆ ಲೇಸರ್ ಕೆಲಸ ಕೆಲವೇ ನಿಮಿಷ. ಮಬ್ಬಾದ ಪದರದ ನಡುವೆ ಒಂದು ಕಿಂಡಿ ತೆರೆಯುತ್ತಾರೆ. ಕೊಯ್ಯುವುದು, ಹೊಲಿಯುವುದು, ಅಡ್ಮಿಟ್ ಆಗುವುದು ಇಲ್ಲ. ಕಣ್ಣಿನ ಒತ್ತಡ ಏರಬಹುದು, ಹಾಗಾಗಿ ಸ್ವಲ್ಪ ಹೊತ್ತು ಕೂರಿಸಿ ಅಳೆಯುತ್ತಾರೆ. ಕೆಲವು ದಿನ ಕಣ್ಮುಂದೆ ಚುಕ್ಕೆಗಳು ತೇಲುವುದು ಸಹಜ. ಅವತ್ತು ಕಣ್ಣು ಕೋರೈಸುತ್ತದೆ, ಜೊತೆಗೆ ಒಬ್ಬರು ಹೋಗಿ.

ಆದರೆ ನೇರವಾಗಿ ಲೇಸರ್‌ಗೆ ಒಪ್ಪಬೇಡಿ. ನಿಮ್ಮ ತಾಯಿಗೆ ಸಕ್ಕರೆ ಕಾಯಿಲೆ ಇದೆ ಎಂದಿದ್ದೀರಿ, ನನ್ನ ಕಾಳಜಿ ಇರುವುದು ಅಲ್ಲೇ. ತೊಂದರೆ ಕಣ್ಣಿನ ಹಿಂಬದಿಯ ಪರದೆಯಾದ ರೆಟಿನಾದಲ್ಲಿದ್ದರೆ ಚೀಲದಲ್ಲಿ ಕಿಂಡಿ ತೆರೆದು ಏನೂ ಸಿಗುವುದಿಲ್ಲ. ಸಕ್ಕರೆಯಿಂದ ರೆಟಿನಾದ ನಡುಭಾಗದಲ್ಲಿ ನೀರು ತುಂಬಿ ಊದಿಕೊಂಡಿದ್ದರೆ ಮುಖ್ಯ ಚಿಕಿತ್ಸೆ ಕಣ್ಣೊಳಗೆ ಕೊಡುವ ಇಂಜೆಕ್ಷನ್. ವಯಸ್ಸಿನಿಂದ ಅದೇ ಜಾಗ ಸವೆದಿರಲೂಬಹುದು. ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಆದರೆ ಪಕ್ಕದ ನೋಟ ಸದ್ದಿಲ್ಲದೆ ಹೋಗುತ್ತದೆ, ಹೋದದ್ದು ಬರುವುದಿಲ್ಲ. ಆದ್ದರಿಂದ ಪಾಪೆ ಹಿಗ್ಗಿಸಿ ರೆಟಿನಾ ಪರೀಕ್ಷೆ, ಕಣ್ಣಿನ ಒತ್ತಡ, ಬೇಕಾದರೆ ರೆಟಿನಾದ ಪದರಗಳನ್ನು ತೋರಿಸುವ ಓಸಿಟಿ ಸ್ಕ್ಯಾನ್ ಮೊದಲು ಆಗಲಿ. ಕನ್ನಡಕದಂಗಡಿಯ ಕಂಪ್ಯೂಟರ್ ಟೆಸ್ಟ್ ನಂಬರ್ ಅಷ್ಟೇ ಹೇಳುತ್ತದೆ.

ಇವತ್ತೇ ಮನೆಯಲ್ಲಿ ಒಂದು ಕೆಲಸ ಮಾಡಿ. ಅಮ್ಮನ ಒಂದು ಕಣ್ಣನ್ನು ಅಂಗೈಯಿಂದ ಒತ್ತದೆ ಮುಚ್ಚಿ, ಬಾಗಿಲ ಚೌಕಟ್ಟನ್ನೋ ಕ್ಯಾಲೆಂಡರಿನ ಗೆರೆಗಳನ್ನೋ ನೋಡಲು ಹೇಳಿ. ಆಮೇಲೆ ಇನ್ನೊಂದು ಕಣ್ಣು. ಓದುವ ಕನ್ನಡಕ ಇದ್ದರೆ ಕ್ಯಾಲೆಂಡರಿಗೆ ಅದು ಹಾಕಿರಲಿ. ಇಡೀ ಚಿತ್ರ ಒಂದೇ ಸಮ ಮಸುಕಾದರೆ ಚೀಲದ ಮಬ್ಬು ಇರಬಹುದು. ನೇರ ಗೆರೆ ಬಾಗಿದರೆ, ನಡುವೆ ಕಪ್ಪು ಮಚ್ಚೆ ಕಂಡರೆ ರೆಟಿನಾ ಡಾಕ್ಟರನ್ನು ಒಂದೆರಡು ದಿನದಲ್ಲೇ ನೋಡಿ. ಎರಡು ಕಣ್ಣೂ ತೆರೆದಿದ್ದರೆ ಒಳ್ಳೆಯ ಕಣ್ಣು ಕೆಟ್ಟದ್ದನ್ನು ಮರೆಮಾಚುತ್ತದೆ. ಎಷ್ಟೋ ಹಿರಿಯರಿಗೆ ಒಂದು ಕಣ್ಣು ಹೋದದ್ದೇ ತಿಳಿಯದಿರುವುದು ಇದರಿಂದ.

ಆಪರೇಷನ್ ಸಮಯದ ಹಳೇ ಡ್ರಾಪ್ಸನ್ನು ಮೆಡಿಕಲ್ ಸ್ಟೋರಿನಿಂದ ತಂದು ಹಾಕುತ್ತಿದ್ದಾರೆಯೇ, ಕೇಳಿ. ಅದರಲ್ಲಿ ಸ್ಟೀರಾಯ್ಡ್ ಇರುವುದು ಸಾಮಾನ್ಯ. ತಿಂಗಳುಗಟ್ಟಲೆ ಹಾಕಿದರೆ ಒತ್ತಡ ಏರಿ ಗ್ಲಾಕೋಮಾ ಆಗಬಹುದು. ಬಾಟಲಿಯನ್ನು ಡಾಕ್ಟರಿಗೆ ತೋರಿಸಿ. ಜೊತೆಗೆ ಕೃತಕ ಲೆನ್ಸಿನ ವಿವರ ಇರುವ ಲೆನ್ಸ್ ಕಾರ್ಡ್, ಸಕ್ಕರೆ ರಿಪೋರ್ಟ್, ಹಳೇ ಕನ್ನಡಕದ ಚೀಟಿಯೂ ಇರಲಿ.

ದಿಢೀರನೆ ಕತ್ತಲಾದರೆ, ಮಿಂಚು ಹೊಳೆದು ಚುಕ್ಕೆಗಳ ಮಳೆಯಾದರೆ, ಪರದೆ ಇಳಿದಂತಾದರೆ, ಕಣ್ಣು ಕೆಂಪಾಗಿ ನೋಯುತ್ತಿದ್ದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ಅದೇ ದಿನ, ರಾತ್ರಿಯಾದರೂ ಸರಿ, ತುರ್ತು ವಿಭಾಗ ಇರುವ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.